ಗೆಳೆಯನಿಗೊಂದು ಪತ್ರ: ಮಾರ್ಷ್‌ಫೀಲ್ಡಿನ ಕಾಗದದ ವೇಷಗಳು

ಪ್ರಿಯ ಗೆಳೆಯಾ,

ನೀನು ಬ್ರಿಸ್ಟಲ್ಲಿಗೆ ಹೋದ ಮೇಲೆ ಇಂಗ್ಲೆಂಡಿನ ಜನಪದ ನಾಟಕದ ಬಗ್ಗೆ ಕೇಳಿದ್ದೆಯಲ್ಲ, ಅಲ್ಲಿಗೆ ಸಮೀಪದ ಮಾರ್ಷ್‌ಫೀಲ್ಡ್ ಎಂಬ ಊರಿನ ಆಟವನ್ನೇ ಹೇಳುತ್ತೇನೆ. ಡಿಸೆಂಬರ್ 26ರಂದು ಏಳು ಮಂದಿ ಗಂಡಸರು ಕಾಗದದ ಪಟ್ಟಿಗಳ ವೇಷ ತೊಟ್ಟು, ಗಂಟೆ ಬಾರಿಸಿ ಸಾರುವವನ ಹಿಂದೆ ಬೀದಿಗಿಳಿಯುತ್ತಾರೆ. ಪಟ್ಟಿಗಳು ಮುಖದ ಮೇಲೂ ಇಳಿಬಿದ್ದಿರುವುದರಿಂದ ಪಕ್ಕದ ಮನೆಯವನೇ ಎದುರು ನಿಂತರೂ ಗುರುತು ಸಿಗುವುದಿಲ್ಲ.

ಕಥೆ ಬಹಳ ಚಿಕ್ಕದು. ಒಬ್ಬೊಬ್ಬನೂ ಮುಂದೆ ಬಂದು ತಾನು ಯಾರೆಂದು ಹೇಳಿಕೊಳ್ಳುತ್ತಾನೆ. ರಾಜ ವಿಲಿಯಂ ಕತ್ತಿ ಹಿಡಿದು ಲಿಟಲ್ ಮ್ಯಾನ್ ಜಾನನನ್ನು ಕೆಡವುತ್ತಾನೆ. ವೈದ್ಯ ಬಂದು ಸತ್ತವನನ್ನು ಎಬ್ಬಿಸುತ್ತಾನೆ. ನನಗೆ ಇವರೆಲ್ಲರಿಗಿಂತ ಮುಖ್ಯನೆನಿಸುವವನು ಸಾಸಿ ಜ್ಯಾಕ್. ಹೆಂಡತಿ ಮಕ್ಕಳು ತನ್ನ ಬೆನ್ನ ಮೇಲಿದ್ದಾರೆ, ಸಂಸಾರ ದೊಡ್ಡದು, ಕೊಟ್ಟಷ್ಟೂ ಅನುಕೂಲ ಎಂದು ಅವನು ನೆರೆದವರನ್ನು ಕೇಳುತ್ತಾನೆ. ಚಳಿಗಾಲದಲ್ಲಿ ಕೂಲಿ ಸಿಗದ ಬೇಸಾಯದ ಆಳುಗಳಿಗೆ ಇಂತಹ ಆಟಗಳಿಂದ ನಾಲ್ಕು ಕಾಸು, ಒಂದಿಷ್ಟು ಊಟ, ಪಾನೀಯ ದೊರೆಯುತ್ತಿತ್ತು ಎಂಬುದನ್ನು ಬಿಟ್ಟು ಈ ನಾಟಕವನ್ನು ಅರ್ಥ ಮಾಡಿಕೊಳ್ಳಲಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಿಂತುಹೋಗಿದ್ದ ಈ ಆಟಕ್ಕೆ ಮತ್ತೆ ಜೀವ ಬಂದದ್ದು 1930ರ ದಶಕದ ಆರಂಭದಲ್ಲಿ. ಊರಿನ ಪಾದ್ರಿ ತನ್ನ ತೋಟದ ಮಾಲಿ ಹಳೆಯ ಸಾಲೊಂದನ್ನು ಗುನುಗುವುದನ್ನು ಕೇಳಿದರಂತೆ. ಅವರ ಸೋದರಿ, ಜಾನಪದ ವಿದ್ವಾಂಸೆ ವಯಲೆಟ್ ಆಲ್ಫರ್ಡ್, ಉಳಿದಿದ್ದ ಹಳೆಯ ಆಟಗಾರರನ್ನು ಕೂಡಿಸಿದರು. ಆದರೆ ಆಡುವ ರೀತಿ ಹೇಗಿರಬೇಕು, ವೇಷ ಯಾವುದಿರಬೇಕು ಎಂಬುದರಲ್ಲಿ ಆಕೆಗೂ ಊರಿನ ಹಿರಿಯರಿಗೂ ಮತಭೇದ ಹುಟ್ಟಿತು. ಇಂದು ನಾವು ಕಾಣುವ ಆಟ ಬಹುಶಃ ಆ ಇಬ್ಬರ ನಡುವಿನ ರಾಜಿಯ ಫಲ.

ಸತ್ತು ಎದ್ದೇಳುವ ಈ ಪ್ರಸಂಗವನ್ನು ಕ್ರೈಸ್ತಪೂರ್ವ ಕಾಲದ ಋತುಪೂಜೆಯ ಅವಶೇಷವೆಂದು ಹಿಂದಿನ ವಿದ್ವಾಂಸರು ಬಣ್ಣಿಸಿದ್ದನ್ನು ನೀನು ಓದಿರಬಹುದು. ದೊರೆತಿರುವ ಪೂರ್ಣ ಪಠ್ಯಗಳು ಹದಿನೆಂಟನೆಯ ಶತಮಾನಕ್ಕಿಂತ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಇಂದಿನ ಸಂಶೋಧಕರು ಆ ಮಾತನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಪ್ರಾಚೀನವೆಂದು ಹೊಗಳುವ ಭರದಲ್ಲಿ, ಬಡ ಆಟಗಾರರು ತಮ್ಮ ಕಾಲದ ಅಗತ್ಯಕ್ಕಾಗಿ ಕಟ್ಟಿ ಬೆಳೆಸಿದ ಕಲೆಯ ಶ್ರೇಯಸ್ಸನ್ನು ಅವರಿಂದಲೇ ಕಿತ್ತುಕೊಂಡಂತಾಗುತ್ತದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇಂತಹ ಪಠ್ಯಗಳನ್ನು ಹಳ್ಳಿ ಹಳ್ಳಿಗಳಿಂದ ಸಂಗ್ರಹಿಸಿದ ರೆಜಿನಾಲ್ಡ್ ಟಿಡ್ಡಿ 1916ರಲ್ಲಿ ಯುದ್ಧಭೂಮಿಯಲ್ಲಿ ತೀರಿಕೊಂಡರು. ಅವರ ಪುಸ್ತಕ ಹೊರಬಂದದ್ದು 1923ರಲ್ಲಿ. ಅದನ್ನು ಹುಡುಕಿ ಓದು. ಈ ಡಿಸೆಂಬರಿನಲ್ಲಿ ಬಿಡುವಾದರೆ ಮಾರ್ಷ್‌ಫೀಲ್ಡಿಗೂ ಹೋಗಿ ಬಾ, ಸಾಸಿ ಜ್ಯಾಕನ ಮಾತು ಸರಿಯಾಗಿ ಕೇಳಿಸುವಷ್ಟು ಮುಂದೆ ನಿಂತುಕೋ, ಆಮೇಲೆ ವಿವರವಾಗಿ ಬರೆ.

ಇತಿ ನಿನ್ನ ಗೆಳೆಯ