ದಕ್ಕೆಯ ಗರುಡ ಯಾವ ನೀರಿನ ಸಾಕ್ಷಿ?

ಉಡುಪಿ

ಚಿ. ಅನಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹದ್ದು, ಗರುಡಗಳ ಮೈಯಲ್ಲಿ ಸೇರುವ ವಿಷದ ಮೇಲೆ ಪ್ರಾಜೆಕ್ಟ್ ಮಾಡುತ್ತೀಯಂತೆ, ಒಳ್ಳೆಯದೇ. ಆದರೆ ಸುಲಭಕ್ಕೆ ಸಿಗುತ್ತವೆ ಎಂದು ಮಲ್ಪೆ ಬಂದರಿನಲ್ಲಿ ಬೋಟು ನಿಲ್ಲುವ ದಕ್ಕೆಯ ಗರುಡಗಳಿಂದ ಶುರು ಮಾಡಬೇಡ. ಅವು ತಿನ್ನುವುದು ಬೋಟಿನವರು ಎಸೆದ ಮೀನು. ಆಳಸಮುದ್ರದ ಬೋಟು ದಿನಗಟ್ಟಲೆ ತಿರುಗಿ ಎಲ್ಲೆಲ್ಲಿಂದಲೋ ಹಿಡಿದು ತರುತ್ತದೆ. ಆ ಗರುಡದ ರಕ್ತದಲ್ಲಿ ಕೀಟನಾಶಕ ಡಿಡಿಟಿ ಕಂಡಿತೆಂದು ಸ್ವರ್ಣಾ ನದಿಯನ್ನು ದೂರಿದರೆ ಪರೀಕ್ಷಕರು ಬಿಡುವುದಿಲ್ಲ, ಬಿಡಲೂಬಾರದು.

ಊರಿನ ನೀರಿನ ಸುದ್ದಿ ಬೇಕಾದರೆ ಗೂಡಿನ ಮರಿಯನ್ನು ನೋಡು. ಬಿಳಿಹೊಟ್ಟೆಯ ಕಡಲಹದ್ದು ಸಾಮಾನ್ಯವಾಗಿ ಹಳೆಯ ಗೂಡಿಗೇ ಮರಳುತ್ತದೆ; ಮರಿಗೆ ತರುವುದು ಸುತ್ತಲಿನ ಮೀನು, ಕಡಲಹಾವು. ಮರಿಯ ವಯಸ್ಸು ಬರೆದುಕೊಳ್ಳಲು ಮರೆಯಬೇಡ. ಮೊದಮೊದಲು ಅದರ ಮೈಯಲ್ಲಿರುವುದು ತಾಯಿ ಮೊಟ್ಟೆಗೆ ದಾಟಿಸಿದ ವಿಷ. ಮೈ ಬೆಳೆದಂತೆ ಅದು ತೆಳುವಾಗುತ್ತದೆ.

ಮರಿಯಾಗದೆ ಉಳಿದ ಮೊಟ್ಟೆ ಸಿಕ್ಕರೆ ಭಾಗ್ಯ. ಆದರೆ ಗೂಡಿನಲ್ಲಿ ಅದರ ನೀರು ಆರಿರುತ್ತದೆ. ಸಾರು ಬತ್ತಿದಾಗ ಉಪ್ಪು ಏರಿದ ಹಾಗೆ ವಿಷದ ಅಂಕಿಯೂ ಏರುತ್ತದೆ. ಉದ್ದ ಮತ್ತು ಅಗಲವನ್ನು ಸೆಂಟಿಮೀಟರಿನಲ್ಲಿ ಅಳೆದು, ಅಗಲದ ವರ್ಗವನ್ನು ಉದ್ದದಿಂದಲೂ 0.51ರಿಂದಲೂ ಗುಣಿಸಿದರೆ ಗಾತ್ರ ಮಿಲಿಲೀಟರಿನಲ್ಲಿ ಬರುತ್ತದೆ. ಒಳಗಿನ ತಿರುಳಿನ ಗ್ರಾಂ ತೂಕವನ್ನು ಅದರಿಂದ ಭಾಗಿಸಿ, ಬಂದದ್ದರಿಂದ ಅಂಕಿಯನ್ನು ಗುಣಿಸಿ ಸರಿಪಡಿಸು. ಚಿಪ್ಪನ್ನು ಎಸೆಯಬೇಡ ಮಾರಾಯ್ತಿ. ಡಿಡಿಟಿಯಿಂದ ಹುಟ್ಟುವ ಡಿಡಿಇ, ಚಿಪ್ಪು ಕಟ್ಟುವ ಗ್ರಂಥಿಯಿಂದ ಚಿಪ್ಪಿಗೆ ಸಾಗುವ ಕ್ಯಾಲ್ಸಿಯಂ ಅನ್ನು ತಗ್ಗಿಸುತ್ತದೆ. 1967ರಲ್ಲಿ ಬ್ರಿಟನ್ನಿನ ಪಕ್ಷಿತಜ್ಞ ಡೆರೆಕ್ ರ‍್ಯಾಟ್‌ಕ್ಲಿಫ್ ಚಿಪ್ಪು ತೆಳುವಾದದ್ದನ್ನು ತೋರಿಸಿಕೊಟ್ಟದ್ದು ಸರಳ ಲೆಕ್ಕದಿಂದ: ಒಣಗಿದ ಚಿಪ್ಪಿನ ಮಿಲಿಗ್ರಾಂ ತೂಕವನ್ನು, ಮಿಲಿಮೀಟರಿನಲ್ಲಿ ಅಳೆದ ಉದ್ದ-ಅಗಲಗಳ ಗುಣಲಬ್ಧದಿಂದ ಭಾಗಿಸುವುದು. ಹೋಲಿಸುವಾಗ ಅದೇ ಜಾತಿಯ ಹಳೆಯ ಮೊಟ್ಟೆಯೇ ಬೇಕು.

ಸತ್ತ ಹಕ್ಕಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಉಪವಾಸದಿಂದ ಸತ್ತದ್ದಾದರೆ ಮೈಯ ಕೊಬ್ಬು ಕರಗಿ, ಅದರಲ್ಲಿದ್ದ ಡಿಡಿಇ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿಗಳು ಲಿವರ್, ಮೆದುಳಿಗೆ ಹೋಗಿರುತ್ತವೆ. ಅಲ್ಲಿ ಅಂಕಿ ದೊಡ್ಡದು ಕಂಡರೆ ವಿಷದಿಂದಲೇ ಸತ್ತಿತೆಂದು ಹೇಳಲಾಗದು. ಎದೆಯ ಸ್ನಾಯು ಎಷ್ಟು ಉಳಿದಿದೆ, ಹೊಟ್ಟೆಯಲ್ಲಿ ಕೊಬ್ಬಿದೆಯೇ ಎಂದು ಮೊದಲು ಬರೆ. ಫಲಿತಾಂಶವನ್ನು ಒದ್ದೆ ತೂಕಕ್ಕೂ ಕೊಬ್ಬಿನ ತೂಕಕ್ಕೂ ಬೇರೆಬೇರೆಯಾಗಿ ಕೊಡು. ಬೆಂಕಿ ಆರಿಸುವ ನೊರೆಯಲ್ಲಿದ್ದ ಪಿಎಫ್‌ಓಎಸ್ ಕೊಬ್ಬಿಗೆ ಹೋಗುವುದಿಲ್ಲ, ರಕ್ತ ಮತ್ತು ಲಿವರಿನ ಪ್ರೋಟೀನಿಗೆ ಅಂಟುತ್ತದೆ. ಅದಕ್ಕೆ ಕೊಬ್ಬಿನ ಲೆಕ್ಕ ಸಲ್ಲದು.

ಡಬ್ಬಿಯೂ ಬೇರೆ. ಡಿಡಿಇ, ಪಿಸಿಬಿಗೆ ಹೆಕ್ಸೇನಿನಲ್ಲಿ ತೊಳೆದ ಗಾಜಿನ ಬಾಟಲಿ. ಪಿಎಫ್‌ಓಎಸ್‌ಗೆ ಪಾಲಿಪ್ರೊಪಿಲೀನ್ ಟ್ಯೂಬು, ಟೆಫ್ಲಾನ್ ಇರುವ ಮುಚ್ಚಳ ಬೇಡವೇ ಬೇಡ. ಎರಡನ್ನೂ ಮೈನಸ್ 20 ಡಿಗ್ರಿಯಲ್ಲಿಡು. ಫಾರ್ಮಲಿನ್ ಹಾಕಬೇಡ.

ನಮ್ಮವರು ಮೊದಲು ಕೇಳುವುದು ಎಂಡೋಸಲ್ಫಾನನ್ನೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಅದು, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು. ಹಕ್ಕಿಯ ಮೈಯಲ್ಲಿ ಅದು ಡಿಡಿಇಯಷ್ಟು ಕಾಲ ನಿಲ್ಲುವುದಿಲ್ಲ. ಈಗ ಸಿಗಲಿಲ್ಲವೆಂದು ಆಗ ಹಾನಿಯಾಗಿರಲಿಲ್ಲ ಎಂದು ಬರೆಯಬೇಡ.

ಅರಣ್ಯ ಇಲಾಖೆಯ ಅನುಮತಿ ಕೈಸೇರುವ ಮೊದಲು ಬಿದ್ದ ಗರಿಯನ್ನೂ ಎತ್ತಬೇಡ. ಗೈಡ್ ಹತ್ತಿರ ಈ ವಾರವೇ ಅರ್ಜಿ ಹಾಕಿಸು.

ಇಂತಿ,
ದೊಡ್ಡಮ್ಮ