ಗುಡ್ಡ ಕಡಿದಿದ್ದೂ ಅದೇ ಜೆಸಿಬಿ, ಮಣ್ಣು ತೆಗ್ದಿದ್ದೂ ಅದೇ ಜೆಸಿಬಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಹಾಸನ ಜಿಲ್ಲೆಯ ಮಲೆನಾಡು ಸೈಡಿಂದ ಬರೀತಿದೀನಿ. ಸ್ವಲ್ಪ ಕಾಫಿ ತೋಟ ಇದೆ, ಹಿಂದೆ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ. ನಿಮ್ಮನ್ನ ಬೈಯೋಕೆ ಬರೀತಿಲ್ಲ, ನಾನ್ ಹೇಳೋ ಕಥೆ ನಿಮಗಿಂತ ಮುಂಚಿನದು.

ನಮ್ಮೂರ ಮೇಲಿನ ಗುಡ್ಡದಲ್ಲಿ ಒಬ್ರು ಹೋಂಸ್ಟೇ ಕಟ್ಟೋಕೆ ಶುರು ಮಾಡಿದ್ರು. ಜನವರಿಲೇ ಜೆಸಿಬಿ ತಂದು ಧರೆನ (ಗುಡ್ಡದ ಇಳಿಜಾರಿನ ಮಣ್ಣನ್ನ) ಎರಡಾಳೆತ್ತರ ಗೋಡೆ ಥರ ನೆಟ್ಟಗೆ ಕಡಿದ್ರು, ಕಡಿದ ಮಣ್ಣೆಲ್ಲಾ ಹಳ್ಳಕ್ಕೆ ತಳ್ಳಿದ್ರು. ಪಂಚಾಯತ್ ರಾಜ್ ಕಾಯ್ದೆ ಸೆಕ್ಷನ್ 64ರ ಪ್ರಕಾರ ಪಂಚಾಯ್ತಿ ಪರ್ಮಿಷನ್ ಇಲ್ದೆ ಕಟ್ಟಡ ಕಟ್ಟಂಗಿಲ್ಲ, ಅವ್ರ ಹತ್ರ ಇರ್ಲಿಲ್ಲ, ಸರಿ ಅಂತ ಪಿಡಿಓ ಕೈಲಿ ನೋಟಿಸ್ ಕೊಡ್ಸಿದ್ವಿ. ಮೂರು ಸಲ. ಮೂರನೇ ನೋಟಿಸ್ ಹೊತ್ತಿಗೆ ಮೇಲ್ಛಾವಣಿ ಮೋಲ್ಡೇ ಆಗೋಗಿತ್ತು! ಕೆಲ್ಸ ನಿಲ್ಸಿ ಅಂತ ಪೊಲೀಸ್ರನ್ನ ಕೇಳಿದ್ರೆ ಸಿವಿಲ್ ಮ್ಯಾಟ್ರು ಅಂದ್ರು, ಇನ್ನೊಂದ್ ಆಫೀಸಲ್ಲಿ ಜಮೀನು ಕನ್ವರ್ಷನ್ ಫೈಲ್ ಮೇಲಿನ ಆಫೀಸಿಗೆ ಹೋಗಿದೆ ಅಂದ್ರು, ಪಿಡಿಓಗೆ ಯಾರ್ದೋ ಫೋನ್ ಬಂತು, ಅಲ್ಲಿಗೆ ಮುಗೀತು.

ಪುಷ್ಯ ಮಳೇಲಿ ಒಂದ್ ರಾತ್ರಿ ಧರೆ ಇಳೀತು. ಹೋಂಸ್ಟೇಗೆ ಏನೂ ಆಗ್ಲಿಲ್ಲ, ಕೆಳಗಿದ್ದ ತೋಟದ ಕೆಲಸದವ್ರ ಎರಡು ಲೈನ್ ಮನೆ ಮಣ್ಣಲ್ಲಿ ಮುಚ್ಚೋಯ್ತು, ಶಬ್ದ ಕೇಳಿ ಹೊರಗ್ ಓಡಿದ್ರಿಂದ ಜನ ಉಳ್ಕೊಂಡ್ರು. ರಸ್ತೆ ಬಂದ್, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಬೆಳಗ್ಗೆ ನೋಡಿದ್ರೆ ಪಂಚಾಯ್ತೀಲಿ ಇದ್ದಿದ್ದು ನಾಲ್ಕು ಗುದ್ದಲಿ, ಒಂದು ಕಸದ ಗಾಡಿ. ಜೆಸಿಬಿ ಬಾಡಿಗೆ ಲೆಕ್ಕದ ಯಾವ ಹೆಡ್ಡಲ್ಲಿ ಬರ್ಯೋದು ಅಂತ ಪಿಡಿಓ ತಲೆ ಕೆರ್ಕೊಂಡ್ ಕೂತ್ರು, ಕೊನೆಗೆ ಸಾಲ ಹೇಳಿ ಒಂದನ್ನ ಕರೆಸಿದ್ವಿ. ಬಂದಿದ್ದು ಗುಡ್ಡ ಕಡಿದಿದ್ದ ಅದೇ ಮಿಷನ್ನು, ಅದೇ ಡ್ರೈವರು. ಅವನಿಗೂ ನಾಚ್ಕೆ ಆಯ್ತು, ನಮಗೂ ಆಯ್ತು.

2005ರ ವಿಪತ್ತು ನಿರ್ವಹಣಾ ಕಾಯ್ದೇಲಿ ಸೆಕ್ಷನ್ 41 ಅಂತ ಇದೆ ಸರ್, ಸ್ಥಳೀಯ ಸಂಸ್ಥೆಗಳು ಸಿಬ್ಬಂದಿಗೆ ಟ್ರೈನಿಂಗ್ ಕೊಡ್ಬೇಕು, ಸಾಮಾನು ರೆಡಿ ಇಟ್ಕೋಬೇಕು, ತಮ್ಮ ವ್ಯಾಪ್ತೀಲಿ ಕಟ್ಟೋದೆಲ್ಲಾ ನಿಯಮದ ಪ್ರಕಾರ ಇದ್ಯಾ ನೋಡ್ಬೇಕು ಅಂತ. ಕೆಲ್ಸ ನಮಗೆ, ದುಡ್ಡು ಡಿಸಿ ಆಫೀಸಲ್ಲಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಜೊತೆಗೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರಾಗಿ ಇರ್ಬೇಕು ಅಂತ ಸೆಕ್ಷನ್ 25 ಹೇಳತ್ತೆ. ಜಿಲ್ಲಾ ಪಂಚಾಯ್ತಿ ಅವಧಿ ಮುಗಿದಿದ್ದು 2021ರಲ್ಲಿ, ಆಮೇಲೆ ವರ್ಷಗಟ್ಲೆ ಎಲೆಕ್ಷನ್ನೇ ಮಾಡ್ಲಿಲ್ಲ, ಇನ್ನು ಆ ಕುರ್ಚಿಲಿ ನಮ್ಮ ಪರವಾಗಿ ಕೂರೋರು ಯಾರು?

2024ರ ಜುಲೈಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ರ ಹೆದ್ದಾರಿ 75ರ ಮೇಲೆ ಗುಡ್ಡ ಮತ್ತೆ ಮತ್ತೆ ಕುಸೀತು, ಕಡಗರವಳ್ಳಿ-ಎಡಕುಮರಿ ರೈಲು ನಿಲ್ದಾಣಗಳ ಮಧ್ಯೆ ಭೂಕುಸಿತ ಆಗಿ ಹತ್ತು ದಿನಕ್ಕಿಂತ ಜಾಸ್ತಿ ಪ್ಯಾಸೆಂಜರ್ ರೈಲು ಓಡ್ಲಿಲ್ಲ, ಆಗ ಮಂತ್ರಿಗಳೆಲ್ಲಾ ಬಂದ್ರು. ಹೆದ್ದಾರಿ ಬಿದ್ರೆ ಟಿವಿಯವ್ರು ಬರ್ತಾರೆ, ನಮ್ಮೂರ ಧರೆ ಬಿದ್ರೆ ಕಂದಾಯ ಇಲಾಖೆಯ ವಿಎ (ಊರಿನ ಲೆಕ್ಕಿಗರು) ಒಬ್ರು ಬಂದು ಫೋಟೋ ತೆಗ್ದು ಹೋಗ್ತಾರೆ (ಪಾಪ ಅವ್ರಿಗೂ ಎಷ್ಟ್ ಊರು ಅಂತ).

ಕೇಳೋದು ದೊಡ್ಡದೇನಲ್ಲ. ಪಂಚಾಯ್ತಿ ಕೆಲ್ಸ ನಿಲ್ಸು ಅಂತ ನೋಟಿಸ್ ಕೊಟ್ರೆ 24 ಗಂಟೆಯೊಳಗೆ ಪೊಲೀಸು, ರೆವಿನ್ಯೂದವ್ರು ಸ್ಪಾಟಿಗೆ ಬಂದು ಮಿಷನ್ ಸೀಜ್ ಮಾಡೋ ಥರ ಒಂದು ಆದೇಶ ಮಾಡ್ಸಿ. ಮೇ ತಿಂಗಳಲ್ಲೇ ಪ್ರತಿ ಪಂಚಾಯ್ತಿಗೂ ಜೆಸಿಬಿ ಬಾಡಿಗೆ, ಡೀಸೆಲ್, ಟಾರ್ಪಾಲ್‌ಗೆ ಅಂತ ಒಂದಿಷ್ಟು ದುಡ್ಡು ಹಾಕ್ಸಿ, ಲೆಕ್ಕ ಆಮೇಲೆ ಕೇಳಿ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ವಿಚಾರ ವಿಧಾನಸಭೇಲಿ ಎತ್ತಿ. ಪಂಚಾಯ್ತಿಯವ್ರೇ ದುಡ್ಡು ತಿಂದು ಪರ್ಮಿಷನ್ ಕೊಟ್ರೆ ಅಂತ ಕೇಳ್ಬೋದು ನೀವು. ಕೊಡ್ತಾರೆ ಸರ್, ನಂಗೂ ಗೊತ್ತು, ಆದ್ರೆ ಅವ್ರನ್ನ ಗ್ರಾಮಸಭೇಲಿ ನಿಲ್ಸಿ ಕೇಳ್ಬೋದು, ಡಿಸಿನ ಕೇಳೋಕೆ ಎರಡು ಬಸ್ ಹತ್ಬೇಕು.

ಈ ಸಲದ ಗ್ರಾಮಸಭೆಗೆ ಬನ್ನಿ, ಹಾಗೇ ಜಾಗ ತೋರಿಸ್ತೀನಿ. ಧರೆ ಇನ್ನೂ ಹಾಗೇ ಇದೆ, ಮೇಲ್ಗಡೆ ಬಿರುಕು ಬಿಟ್ಟಿದೆ, ನೀಲಿ ಟಾರ್ಪಾಲ್ ಹೊದಿಸಿದೀವಿ. ಅದ್ರ ದುಡ್ಡೂ ಊರವ್ರೇ ಹಾಕಿದ್ದು.

ಇಂತಿ,
ಒಬ್ಬ ಮಾಜಿ ಮೆಂಬರ್