ಸಹನಾಗೆ, ಮೊದಲ ಸಂಬಳದ ತಿಂಗಳಲ್ಲಿ

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊದಲ ಸಂಬಳ ಖಾತೆಗೆ ಬಿತ್ತು, ಕೈಗೆ 32,000 ಸಿಗುತ್ತೆ ಅಂತ ನಿಮ್ಮಮ್ಮ ಹೇಳಿದಳು. ಮನಸ್ಸು ತುಂಬಿ ಬಂತು. ಆಗಲೇ ಕ್ರೆಡಿಟ್ ಕಾರ್ಡ್ ಕೊಡ್ತೀವಿ ಅಂತ ಬ್ಯಾಂಕಿನವರ ಫೋನೂ ಬರ್ತಿದೆಯಂತೆ. ಅದಕ್ಕೇ ಕೂತು ಬರೀತಿದ್ದೀನಿ. ಲೆಕ್ಕದ ವಿಷಯ ಫೋನಲ್ಲಿ ಹೇಳಿದರೆ ನಿಲ್ಲಲ್ಲ, ಕಾಗದದ ಮೇಲಿದ್ದರೆ ಬೇಕಾದಾಗ ತೆಗೆದು ನೋಡಬಹುದು.

ಮೊದಲು ಸ್ಯಾಲರಿ ಸ್ಲಿಪ್ ತೆಗೆದು ಕಡಿತದ ಕಡೆ ಕಣ್ಣಾಡಿಸು. 200 ರೂಪಾಯಿ ವೃತ್ತಿ ತೆರಿಗೆ, ಅದು ಹೋಯ್ತು. ಪಿ.ಎಫ್. ಹಾಗಲ್ಲ, ಅದು ನಿನ್ನದೇ ದುಡ್ಡು. ನಿನ್ನ ಪಾಲು ಎಷ್ಟೋ ಕಂಪನಿಯೂ ಅಷ್ಟೇ ಹಾಕುತ್ತೆ, ಅದರಲ್ಲೊಂದು ಭಾಗ ಪಿಂಚಣಿಗೆ ಹೋಗುತ್ತೆ. ಕಂಪನಿ ಬದಲಾದರೂ ಬದಲಾಗದ ನಿನ್ನ ಪಿ.ಎಫ್. ಗುರುತಿನ ಸಂಖ್ಯೆ, 12 ಅಂಕಿಯ ಯುಎಎನ್ ನಂಬರನ್ನು ಬರೆದಿಟ್ಟುಕೋ. ಪಿ.ಎಫ್. ಖಾತೆಯಲ್ಲಿರುವ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಈ ವಾರವೇ ನೋಡು. ಇನಿಶಿಯಲ್ ಒಂದು ಹೆಚ್ಚುಕಮ್ಮಿಯಾದರೂ ಮುಂದೆ ದುಡ್ಡು ಬಿಡಿಸುವಾಗ ತಿಂಗಳುಗಟ್ಟಲೆ ಅಲೆದಾಟ. ಕೆಲಸ ಬಿಟ್ಟಾಗ ಪಿ.ಎಫ್. ಬಿಡಿಸಿಕೊಂಡು ಖರ್ಚು ಮಾಡುವ ಹುಡುಗರೇ ಹೆಚ್ಚು. ನೀನು ಹಾಗೆ ಮಾಡಬೇಡ, ಹೊಸ ಕಂಪನಿಗೆ ಅದೇ ನಂಬರ್ ಕೊಟ್ಟು ವರ್ಗಾಯಿಸಿಕೋ. 5 ವರ್ಷ ತುಂಬುವ ಮೊದಲು ಬಿಡಿಸಿದರೆ ತೆರಿಗೆಗೂ ದಾರಿ ಆಗುತ್ತೆ.

ಪಿ.ಜಿ.ಗೆ 9,000, ಬಸ್ಸು ಮೆಟ್ರೋಗೆ 2,000, ಮನೆಗೆ 4,000, ಔಷಧಿ, ಸೋಪು, ಫೋನು ಅಂತ ಇನ್ನೊಂದು 3,000. ತಪ್ಪಿಸೋಕಾಗದ ಖರ್ಚು ಒಟ್ಟು 18,000. ಇದರ ಮೂರು ಪಟ್ಟು, ಅಂದರೆ 54,000, ಕೆಲಸ ಹೋದರೆ ಅಥವಾ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅಂತ ಬೇರೆ ಇಡಬೇಕು. ತಿಂಗಳಿಗೆ 6,000 ಆರ್.ಡಿ. (ಬ್ಯಾಂಕಿನಲ್ಲಿ ತಿಂಗಳು ತಿಂಗಳೂ ಕಟ್ಟುವ ಠೇವಣಿ) ಕಟ್ಟಿದರೆ ಒಂಬತ್ತು ತಿಂಗಳಿಗೆ ಆಯ್ತು. ಆರ್.ಡಿ. ತಾರೀಖನ್ನು ಸಂಬಳ ಬಂದು ಮೂರ‍್ನಾಲ್ಕು ದಿನದ ಒಳಗೆ ಇಟ್ಟುಕೋ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣ ಅಂದರೆ ಉಳಿಯೋದೇ ಇಲ್ಲ. ಆರ್.ಡಿ. ಮುಗಿದ ಮೇಲೆ ಆ ದುಡ್ಡು ಇಡುವ ಖಾತೆಯನ್ನು ಯುಪಿಐಗೆ ಜೋಡಿಸಬೇಡ. ಷೇರು, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ಕಂತಿನಲ್ಲಿ ಹಾಕುವ ದುಡ್ಡು) ಎಲ್ಲ ಈ 54,000 ಆದ ಮೇಲಿನ ಮಾತು.

ಈಗ ಕಾರ್ಡು. ಬೇಡ ಅಂತ ನಾನು ಹೇಳಲ್ಲ. ಹದವಾಗಿ ಬಳಸಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸ್ತೀಯಾ ಅಂತ ತೋರಿಸುವ ಅಂಕ, ಚೆನ್ನಾಗಿರುತ್ತೆ, ಮುಂದೆ ಮನೆ ಸಾಲಕ್ಕೆ ಅನುಕೂಲ. ಆದರೆ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತೆ: ಟೋಟಲ್ ಡ್ಯೂ ಅಂದರೆ ಪೂರ್ತಿ ಬಾಕಿ, ಮಿನಿಮಮ್ ಡ್ಯೂ ಅಂದರೆ ಈ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಈ ಎರಡನೆಯದನ್ನು ಕಟ್ಟಿದರೆ ಸಾಕು ಅಂದುಕೊಂಡವರೇ ಮುಳುಗೋದು.

ಲೆಕ್ಕ ಹಾಕಿ ನೋಡು. 40,000 ಬಾಕಿ ಇದೆ, ಮಿನಿಮಮ್ ಶೇ. 5, ಅಂದರೆ 2,000 ಕಟ್ಟಿದೆ ಅಂತಿಟ್ಟುಕೋ. ತಿಂಗಳ ಬಡ್ಡಿ ಶೇ. 3.5ರಂತೆ 1,400. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 252. ನಿನ್ನ 2,000ದಲ್ಲಿ 1,652 ಹೀಗೇ ಕರಗಿತು, ಅಸಲು ಇಳಿದದ್ದು ಬರೀ 348. ನಮ್ಮೂರ ಲೆಕ್ಕದಲ್ಲಿ ಇದು ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಕೈಸಾಲ ಕೊಡುವವನು ಆ ದರ ಹೇಳಿದ್ದರೆ ನೀನು ಎದ್ದು ಬಂದಿರ್ತಿದ್ದೆ. ಇನ್ನೊಂದು ಏಟು ಏನಂದರೆ, ಹಳೇ ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತೆ.

ಪೂರ್ತಿ ಕಟ್ಟುವವರಿಗೆ ಮಾತ್ರ ಬಡ್ಡಿಯಿಲ್ಲದ ಗಡುವು. ಬಿಲ್ ತಯಾರಾಗೋದು 10ಕ್ಕೆ, ಕಟ್ಟಬೇಕಾದ್ದು 30ಕ್ಕೆ ಅಂದರೆ, 11ಕ್ಕೆ ಕೊಂಡದ್ದಕ್ಕೆ ಹೆಚ್ಚುಕಮ್ಮಿ 49 ದಿನ ಸಿಗುತ್ತೆ, 9ಕ್ಕೆ ಕೊಂಡದ್ದಕ್ಕೆ 21 ದಿನ ಅಷ್ಟೇ. ಆಟೋ-ಪೇ ಹಾಕುವಾಗ ಟೋಟಲ್ ಡ್ಯೂ ಆರಿಸು. ಅವಸರದಲ್ಲಿ ಮಿನಿಮಮ್ ಒತ್ತಿಬಿಟ್ಟು, ದುಡ್ಡು ಕಟ್ ಆಗ್ತಿದೆಯಲ್ಲ ಅಂತ ನಿಶ್ಚಿಂತೆಯಾಗಿ ಇರೋರು ಬಹಳ ಜನ. ಕಾರ್ಡಿನಲ್ಲಿ ಎಟಿಎಂನಿಂದ ನಗದು ತೆಗೆಯಬೇಡ, ಅದಕ್ಕೆ ಗಡುವೂ ಇಲ್ಲ, ಮೇಲೆ ಶುಲ್ಕ ಬೇರೆ.

ಯಾರ ಸಾಲಕ್ಕೂ ಜಾಮೀನು ಸಹಿ ಹಾಕಬೇಡ ಮಗಳೇ, ಎಷ್ಟೇ ಹತ್ತಿರದವರಾಗಲಿ. ಅವರು ಕಟ್ಟದಿದ್ದರೆ ಬ್ಯಾಂಕು ನಿನ್ನ ಬಾಗಿಲಿಗೇ ಬರುತ್ತೆ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತು ಅಂದವನು ಕಳ್ಳನೇ. ಮೋಸ ಆದರೆ ನಾಚಿಕೊಂಡು ಕೂರಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗುತ್ತೆ.

ಕಾರ್ಡಿಗೆ ಸಹಿ ಹಾಕುವ ಮೊದಲು ಅವರು ಕೊಡುವ ಷರತ್ತಿನ ಹಾಳೆಯ ಫೋಟೋ ನನಗೆ ಕಳಿಸು. ವಾರ್ಷಿಕ ಶುಲ್ಕ, ಬಡ್ಡಿ ದರ, ಬಿಲ್ಲಿನ ತಾರೀಖು ಮೂರನ್ನೂ ಜೊತೆಗೇ ಓದೋಣ.

ಇಂತಿ,
ನಿನ್ನ ದೊಡ್ಡಪ್ಪ